ನಮ್ಮ ಟ್ಯಾಂಕಿನ ಅಳಿವೆ ಬಾಗಿಲು

ಮಂಗಳೂರಿನ ಉರ್ವದ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕಡಿ ಉದ್ದದ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ, ಸುಮಾರು 250 ಲೀಟರ್. ಒಳಗೆ ಒಂದು ಜೋಡಿ ಕ್ಲೌನ್ ಫಿಶ್, ಒಂದು ಕ್ಲೀನರ್ ಶ್ರಿಂಪ್, ಮತ್ತೆ ಮೆದು ಹವಳಗಳು ಮಾತ್ರ. ಕಲ್ಲಿನ ಹಾಗೆ ಗಟ್ಟಿಯಾಗುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ, ಹಾಗಾಗಿ ಆ ಆಸೆ ಇಟ್ಟುಕೊಂಡಿಲ್ಲ. ಮನೆಗೆ ಬಂದವರೆಲ್ಲ ಕೇಳುವುದು ಒಂದೇ, ಪಣಂಬೂರು ಬೀಚಿನಿಂದ ನಾಲ್ಕು ಕ್ಯಾನ್ ನೀರು ತಂದ್ರೆ ಆಗ್ಲಿಕ್ಕಿಲ್ವಾ ಅಂತ. ಮಳೆಗಾಲದಲ್ಲಿ ಹೊಳೆ ನೀರು ಸೇರಿ ದಡದ ಹತ್ತಿರ ಉಪ್ಪು ಇಳಿಯುತ್ತದೆ, ಕೆಸರು ಬೇರೆ. ನಾನು ಆರ್‌ಓ ನೀರಿಗೆ ಇಂಥ ಟ್ಯಾಂಕಿಗೆಂದೇ ಸಿಗುವ ಪ್ಯಾಕೆಟ್ ಉಪ್ಪು ಕಲಸಿಯೇ ಹಾಕುವುದು.

ಕಳೆದ ಆಟಿ ತಿಂಗಳಲ್ಲಿ ತಲೆ ಕೆಡಿಸಿದ್ದು ಉಪ್ಪಲ್ಲ, ನೀರಿನ ಓಟ. ಕಲ್ಲಿನ ಹಿಂದೆ ಕೆಂಪು ಲೋಳೆ ಬಂದಿತ್ತು. ಪಾಚಿ ಅಂತ ಎಲ್ಲರೂ ಹೇಳ್ತಾರೆ, ನಿಜಕ್ಕೂ ಅದು ಬ್ಯಾಕ್ಟೀರಿಯಾ. ಹಾಲಿನ ಕೆನೆಯ ಹಾಗೆ ಹಾಳೆ ಹಾಳೆಯಾಗಿ ಕೂತಿರುತ್ತದೆ, ಪೈಪಿನಲ್ಲಿ ಎಳೆದರೆ ಒಂದೇ ಸಲಕ್ಕೆ ಎದ್ದು ಬರುತ್ತದೆ, ಮೂರು ದಿನಕ್ಕೆ ಮತ್ತೆ ಹಾಜರ್. ನೀರಲ್ಲಿ ಕೊಳೆ ಜಾಸ್ತಿ ಇದ್ದು, ಓಟ ಕಮ್ಮಿ ಇರುವ ಕಡೆ ಅದಕ್ಕೆ ಹಬ್ಬ.

ಓಟ ಕಮ್ಮಿ ಅಲ್ವಾ, ಹಾಗಾದ್ರೆ ಪಂಪ್ ಹಾಕೋಣ ಅಂದುಕೊಂಡೆ. ಅಂಗಡಿಯವನೂ ದೊಡ್ಡದೇ ತಗೊಳ್ಳಿ ಅಂದ. ಗಂಟೆಗೆ 8000 ಲೀಟರ್ ಅಂತ ಡಬ್ಬದ ಮೇಲೆ ಬರೆದಿದ್ದ ವೇವ್‌ಮೇಕರ್ ಎರಡು ತಂದು, ಎಡಗಡೆ ಗಾಜಿಗೆ ಒಂದು, ಬಲಗಡೆಗೆ ಒಂದು, ಎದುರುಬದುರು ಅಂಟಿಸಿ ಫುಲ್ ಇಟ್ಟೆ. ಮೆದು ಹವಳಕ್ಕೆ ಗಂಟೆಗೆ ಟ್ಯಾಂಕಿನ ನೀರಿನ 10ರಿಂದ 20 ಪಟ್ಟು ತಿರುಗಿದರೆ ಸಾಕು ಅನ್ನುವುದು ಈ ಹವ್ಯಾಸದಲ್ಲಿ ಸಾಮಾನ್ಯ ಲೆಕ್ಕ. ನಾನು ಮಾಡಿದ್ದು 64 ಪಟ್ಟು! ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಮರಳೆಲ್ಲ ಹಾರಿ ತಳದ ಗಾಜು ಕಾಣುತ್ತಿತ್ತು, ಆ ಮರಳು ಹೋಗಿ ಝೋವಾಂತಿಡ್ ಅನ್ನುವ ಹವಳಗಳ ಮೇಲೆ ಕೂತಿತ್ತು, ಅಣಬೆಯ ಹಾಗಿರುವ ಟೋಡ್‌ಸ್ಟೂಲ್ ಹವಳ ಒಂದು ಬದಿಗೆ ಬಗ್ಗಿ, ಎಳೆಗಳನ್ನೆಲ್ಲ ಒಳಗೆಳೆದುಕೊಂಡು, ಬೋಳು ತಲೆ ಮಾಡಿಕೊಂಡು ಕೂತಿತ್ತು. ಎರಡು ವಾರ ಹಾಗೇ. ಸ್ಪೀಡ್ ಸ್ವಲ್ಪ ಇಳಿಸಿದೆ, ಆದರೂ ತೆರೆಯಲಿಲ್ಲ. ಇದೆಲ್ಲ ಸಹಿಸಿಕೊಳ್ಳಬಹುದಿತ್ತು, ಕೆಂಪು ಲೋಳೆಯಾದರೂ ಹೋಗಿದ್ದರೆ. ಅದು ಆರಾಮಾಗಿ ಅಲ್ಲೇ ಇತ್ತು.

ಒಂದು ರಾತ್ರಿ ಮಳೆಗೆ ಕರೆಂಟ್ ಹೋಯ್ತು. ಕರೆಂಟ್ ಹೋದರೆ ಟ್ಯಾಂಕ್ ಇಟ್ಟುಕೊಂಡವರ ಎದೆ ಧಸಕ್ ಅನ್ನುತ್ತದೆ, ನೀರು ನಿಂತರೆ ಗಾಳಿಯೂ ನಿಂತ ಹಾಗೆ. ಬ್ಯಾಟರಿಯ ಏರ್ ಪಂಪ್ ಇಳಿಸಿ, ಟಾರ್ಚ್ ಹಿಡಿದು ಪಕ್ಕದ ಗಾಜಿನಿಂದ ನೋಡ್ತಾ ಕೂತೆ. ತೇಲುತ್ತಿದ್ದ ಕಸವೆಲ್ಲ ಟಾರ್ಚಿನ ಬೆಳಕಲ್ಲಿ ಕಂಡಿತು, ಬಿಸಿಲುಕೋಲಿನಲ್ಲಿ ಧೂಳು ಕಾಣುತ್ತದಲ್ಲ, ಹಾಗೆ. ಮೆಲ್ಲ ಮೆಲ್ಲ ಕೆಳಗೆ ಇಳಿಯುತ್ತಿತ್ತು. ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂತು, ಪಂಪ್ ಗುರ್ ಅಂದವು, ಟಾರ್ಚ್ ಇನ್ನೂ ಕೈಯಲ್ಲೇ ಇತ್ತು. ಮೇಲಿನ ಅರ್ಧ ಟ್ಯಾಂಕಿನಲ್ಲಿ ಕಸ ಬಾಣದ ಹಾಗೆ ಓಡಿತು. ಎರಡು ಪಂಪಿನ ನೀರು ನಡುವಲ್ಲಿ ಢಿಕ್ಕಿ ಹೊಡೆದು ಸೀದಾ ಕೆಳಗೆ ಮರಳಿಗೆ ಬೀಳುತ್ತಿತ್ತು. ಕಲ್ಲಿನ ಹಿಂದೆ ಮಾತ್ರ ಒಂದು ಕಣವೂ ಅಲ್ಲಾಡಲಿಲ್ಲ. ಹಿಂದಿನ ಗಾಜಿಗೆ ಒರಗಿಸಿ ಕಾಂಪೌಂಡ್ ಗೋಡೆಯ ಹಾಗೆ ಕಲ್ಲು ಕಟ್ಟಿದ್ದು ಯಾರು? ನಾನೇ.

ಅಮ್ಮ ಹಿಂದೆ ಬಂದು ನಿಂತಿದ್ದರು. ಅವರ ತವರು ಅಳಿವೆ ಬಾಗಿಲಿನ ಪಕ್ಕದ ಬೆಂಗ್ರೆ. "ಎಂತ ಮಾರಾಯ, ಇದು ನಮ್ಮ ಅಳಿವೆ ಬಾಗಿಲಿನ ಹಾಗೇ ಉಂಟಲ್ಲ, ಎರಡೆರಡು ಹೊಳೆಯ ನೀರು ಬಂದ್ರೂ ಹೂಳು ಹೋಗ್ಲಿಕ್ಕಿಲ್ಲ" ಅಂದು ನಕ್ಕು ಮಲಗಲು ಹೋದರು. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಸಮುದ್ರಕ್ಕೆ ಇಳಿಯುವ ಜಾಗ ಅದು, ಅಲ್ಲಿಯ ಹೂಳಿನ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತದೆ.

ಮರುದಿನ ಭಾನುವಾರ. ತೋಳು ಮುಳುಗಿಸಿ ಕಲ್ಲುಗಳನ್ನು ಹಿಂದಿನ ಗಾಜಿನಿಂದ ನಾಲ್ಕು ಬೆರಳು ಮುಂದೆ ಎಳೆದೆ, ನಡುವೆ ಎರಡು ಕಡೆ ಸಂದು ಬಿಟ್ಟೆ. ಒಂದು ಪಂಪ್ ಎಡಗಡೆ ಮೇಲೆ, ಹಿಂದಿನ ಗಾಜಿನ ಉದ್ದಕ್ಕೂ ನೀರು ಓಡುವ ಹಾಗೆ. ಇನ್ನೊಂದು ಬಲಗಡೆ, ಮುಂದಿನ ಗಾಜಿಗೆ ಓರೆಯಾಗಿ, ಸ್ವಲ್ಪ ಮೇಲ್ಮುಖ. ಗಾಜಿಗೆ ಬಡಿದು ಒಡೆದ ನೀರು ಹವಳಕ್ಕೆ ಹೋಗಲಿ, ಪಂಪಿನ ಬಾಯಿಂದ ನೇರ ಬೇಡ. ಮೇಲಿನ ನೀರು ಅಲುಗಿದರೆ ಆಕ್ಸಿಜನ್ ಸೇರುತ್ತದೆ ಅಂತ ಮೊದಲು ತೀರಾ ಮೇಲೆ ಇಟ್ಟೆ, ಅದು ಗಾಳಿ ಎಳೆದು ಟ್ಯಾಂಕ್ ಪೂರ್ತಿ ಸೋಡಾ ಆಯ್ತು. ಎರಡು ಇಂಚು ಇಳಿಸಿದೆ.

ಆಮೇಲೆ ಮೀನಿಗೆ ಹಾಕುವ ಆರ್ಟೀಮಿಯಾ ಅನ್ನುವ ಪುಟ್ಟ ಸಿಗಡಿಯಂಥ ಜೀವಿಗಳ ಫ್ರೀಜ್ ಮಾಡಿದ ಒಂದು ತುಂಡು ಕರಗಿಸಿ, ಆ ಕಂದು ನೀರನ್ನು ಸೂಜಿ ಇಲ್ಲದ ಸಿರಿಂಜಿನಲ್ಲಿ ಒಂದೊಂದು ಕಡೆ ಬಿಟ್ಟು ನೋಡಿದೆ. ಎಡಗಡೆ ಬಿಟ್ಟದ್ದು ಕಲ್ಲಿನ ಹಿಂದೆ ಮಾಯವಾಗಿ ಬಲಗಡೆಯ ಸಂದಿನಿಂದ ಹೊರಗೆ ಬಂತು. ಎಷ್ಟು ಖುಷಿ ಆಯ್ತು ಅಂದರೆ ಮತ್ತೆ ನಾಲ್ಕು ಸಲ ಸುಮ್ನೆ ಬಿಟ್ಟೆ. ಕ್ಲೌನ್‌ಗಳು ಬಂದು ಸಿರಿಂಜಿನ ತುದಿಯನ್ನೇ ಕಚ್ಚಿದವು. ಪಂಪ್ ಎರಡನ್ನೂ ಮೂರರಲ್ಲಿ ಒಂದು ಭಾಗದ ಸ್ಪೀಡಿಗೆ ಇಳಿಸಿ, ಒಂದಾದ ಮೇಲೆ ಒಂದು ಏರಿಳಿಯುವ ಹಾಗೆ ಇಟ್ಟೆ. ಹವಳ ಒಂದೇ ಕಡೆ ಬಗ್ಗಿ ನಿಂತರೆ ಓಟ ಜಾಸ್ತಿ ಅಂತ. ಹೋಗಿ ಬಂದು ಮಾಡುತ್ತಿರಬೇಕು. ಅದಕ್ಕೆ ಎದ್ದು ಹೋಗಲು ಕಾಲಿಲ್ಲವಲ್ಲ, ಊಟ ಬರುವುದೂ ಹೊಲಸು ಹೋಗುವುದೂ ನೀರಿನಿಂದಲೇ.

ಬುಧವಾರ ಟೋಡ್‌ಸ್ಟೂಲಿನ ತಲೆಯ ಮೇಲೆ ಮೇಣದಂಥ ತೆಳು ಪೊರೆ ಎದ್ದು ನಿಂತಿತ್ತು. ಸಂಜೆ ಆಫೀಸಿನಿಂದ ಬರುವಾಗ ನೀರು ಅದನ್ನು ಅರ್ಧ ಸುಲಿದಿತ್ತು. ಶುಕ್ರವಾರ ಎಳೆಗಳೆಲ್ಲ ಹೊರಗೆ. ಕೆಂಪು ಲೋಳೆಗೆ ಇನ್ನೂ ಮೂರು ವಾರ ಹಿಡಿಯಿತು, ಅದರಲ್ಲಿ ಊಟ ಕಮ್ಮಿ ಹಾಕಿದ್ದರ ಪಾಲೂ ಇದೆ.

ಬಲಗಡೆ ಹಿಂದಿನ ಮೂಲೆ ಮಾತ್ರ ಇನ್ನೂ ಸರಿಯಾಗಿಲ್ಲ. ಪಂಪ್ ಸ್ವಲ್ಪ ತಿರುಗಿಸಿದರೆ ಆಗುತ್ತದೆ, ಆದರೆ ಶ್ರಿಂಪ್ ಅಲ್ಲೇ ಬಿಡಾರ ಹೂಡಿದೆ. ಭಾನುವಾರಕ್ಕೊಮ್ಮೆ ಸಿರಿಂಜಿನಲ್ಲಿ ಊದಿ ಹೂಳು ಎಬ್ಬಿಸುತ್ತೇನೆ, ಅದು ಮೀಸೆ ಆಡಿಸಿಕೊಂಡು ಪಕ್ಕಕ್ಕೆ ಸರಿದು, ಮುಗಿದ ಮೇಲೆ ಮತ್ತೆ ಬಂದು ಕೂರುತ್ತದೆ.