ಅವಳಿ ಮರಿ ಹಾಕುವ ಕುರಿ ಸಾಕಿದರೆ ಲಾಭ ಎರಡು ಪಟ್ಟಾಗುತ್ತದೆಯೇ?

ಊರಿನಿಂದ ಫೋನ್ ಬಂದರೆ ಮಳೆ-ಬೆಳೆ ವಿಚಾರಿಸಿದ ಮೇಲೆ ಮಾತು ಬಂದು ನಿಲ್ಲುವುದು ಇಲ್ಲಿಗೇ. "ಅಕ್ಕಾರ, ನಿಮ್ಮ ಕಡೆ ಅವಳಿ ಮರಿ ಹಾಕೋ ಕುರಿ ಅದಾವಂತಲ್ರಿ, ನಾವೂ ಒಂದಿಪ್ಪತ್ತು ತಂದ್ರ ರೊಕ್ಕ ಡಬಲ್ ಆಗ್ತದೇನ್ರಿ?" ನಾನು ಇಂಡಿ ತಾಲ್ಲೂಕಿನವಳು. ಮದುವೆಯಾಗಿ ಪುಣೆ ಜಿಲ್ಲೆಯ ಬಾರಾಮತಿ ಕಡೆ ಬಂದು 19 ವರ್ಷ, ಕುರಿ ಸಾಕಲು ಹಿಡಿದು 9 ವರ್ಷ. ಮರಿ ಎರಡಾಗುತ್ತವೆ, ನಿಜ. ತಾಯಿಯ ಹಾಲು ಎರಡು ಪಟ್ಟಾಗುವುದಿಲ್ಲ. ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಇದು.

ಅವಳಿ ಹಾಕುವುದು ಈ ಕಡೆಯ ನಾಟಿ ತಳಿಯಾದ ನಮ್ಮ ದಖನಿ ಕುರಿಯ ಗುಣವಲ್ಲ. ಬಾರಾಮತಿಗೆ ಹತ್ತಿರದಲ್ಲೇ, ಸಾತಾರಾ ಜಿಲ್ಲೆಯಲ್ಲಿ ಫಲಟಣ ಇದೆ. ಅಲ್ಲಿಯ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಬಂಗಾಳದ ಸುಂದರಬನದ ಗರೋಲ್ ಎಂಬ ಕುಳ್ಳ ಕುರಿಯನ್ನು ತಂದು ದಖನಿಯೊಂದಿಗೆ ಕೂಡಿಸಿದರು. ಹಾಗೆ ಬೆಳೆಸಿದ ತಳಿಯೇ ನಾರಿ ಸುವರ್ಣ. ಗರೋಲ್ ಮೈಯಲ್ಲಿ ಒಂದಕ್ಕಿಂತ ಹೆಚ್ಚು ಮರಿ ಹಾಕಿಸುವ ಫೆಕ್-ಬಿ ಎಂಬ ಜೀನ್ ಇದೆ. 18ನೇ ಶತಮಾನದ ಕೊನೆಗೆ ಬಂಗಾಳದಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ ಕುರಿಗಳಿಂದಲೇ ಅಲ್ಲಿನ ಬೂರೂಲಾ ಮೆರಿನೋ ಎಂಬ ಕುರಿ ತಳಿಗೂ ಈ ಗುಣ ಬಂತೆನ್ನುತ್ತಾರೆ. ವಿಜ್ಞಾನಿಗಳು ಈ ಜೀನನ್ನು ನಿಖರವಾಗಿ ಗುರುತಿಸಿದ್ದು 2001ರಲ್ಲಿ. ತಾಯಿ ಅಥವಾ ತಂದೆ ಒಬ್ಬರಿಂದ ಮಾತ್ರ ಬಂದಿದ್ದರೆ ಹೆಣ್ಣುಕುರಿ ಬಹಳ ಸಲ ಎರಡು ಹಾಕುತ್ತದೆ. ಇಬ್ಬರಿಂದಲೂ ಬಂದಿದ್ದರೆ ಮೂರೂ ಬೀಳಬಹುದು, ಮೂರನ್ನು ಉಳಿಸಿಕೊಳ್ಳುವುದು ಬಲು ಕಷ್ಟ. ಟಗರಿನಲ್ಲಿ ಈ ಜೀನ್ ಇದೆಯೋ ಇಲ್ಲವೋ ಕಣ್ಣಿಗೆ ಕಾಣದು, ಡಿಎನ್‌ಎ ಪರೀಕ್ಷೆಯೇ ಆಗಬೇಕು. ಸಂತೆಯಲ್ಲಿ "ಇದು ಅವಳಿ ಟಗರು" ಎಂದು ಯಾರಾದರೂ ಬೆನ್ನು ತಟ್ಟಿ ತೋರಿಸಿದರೆ ಪರೀಕ್ಷೆಯ ಕಾಗದ ಕೇಳಿ.

ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಲು ಪ್ರತಿವರ್ಷ ಒಬ್ಬ ಧನಗರ ಅಜ್ಜ, ಅಂದರೆ ಇಲ್ಲಿಯ ಕುರುಬರು, ಬರುತ್ತಾರೆ. ಮೊದಲ ಅವಳಿಗಳನ್ನು ಹಿಗ್ಗಿನಿಂದ ಅವರಿಗೆ ತೋರಿಸಿದಾಗ ಎರಡನ್ನೂ ಎತ್ತಿ ನೋಡಿ, ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "ನಡೆಯುವಾಗ ಎರಡನೆಯದನ್ನು ಯಾರು ಹೊರಬೇಕವ್ವಾ?" ಅವರ ಹಿಂಡು ದೀಪಾವಳಿ ಕಳೆದ ಮೇಲೆ ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತದೆ, ಮಳೆಗಾಲಕ್ಕೆ ಮೊದಲು ಮರಳುತ್ತದೆ. ಹಾದಿಯಲ್ಲಿ ಹುಟ್ಟಿದ ಮರಿ ಕುದುರೆಯ ಬೆನ್ನ ಮೇಲೋ ಹೆಗಲ ಮೇಲೋ ಬರಬೇಕು. ಹೊಟ್ಟೆ ತುಂಬ ಮೇವು ಸಿಗದ ದಿನ ತಾಯಿಯಲ್ಲಿ ಒಂದು ಮರಿಗಾಗುವಷ್ಟೇ ಹಾಲು. ಒಂದೇ ಮರಿ ಹಾಕುವುದು ದಖನಿಯ ಕೊರತೆ ಎಂದುಕೊಂಡಿದ್ದೆ. ನಡೆದು ಬದುಕುವ ಹಿಂಡಿಗೆ ಅದೇ ಸರಿ ಎಂದು ಅಂದು ತಿಳಿಯಿತು. ಅವಳಿ ಕುರಿ ಏನಿದ್ದರೂ ಕಟ್ಟಿ ಮೇಯಿಸುವವರಿಗೆ, ಕೈಗೆ ನೀರು, ಮೇವು, ಜನ ಇರುವವರಿಗೆ.

ಈಯುವ ಹೊತ್ತನ್ನು ಹೇಳುತ್ತೇನೆ. ಮೊದಲ ಮರಿ ಬಿದ್ದ ಕೂಡಲೇ ತಾಯಿ ನೆಕ್ಕಲು ಶುರು ಮಾಡುತ್ತದೆ. ಅದರಲ್ಲೇ ಮೈಮರೆತಿರುವಾಗ ಎರಡನೆಯದು ಹಿಂದೆ ಬಿದ್ದಿರುತ್ತದೆ. ಚೊಚ್ಚಲ ಕುರಿಯಾದರೆ ಅದೂ ತನ್ನದೇ ಎಂದು ಗುರುತಿಸದೆ ತಲೆಯಿಂದ ಗುದ್ದಿ ದೂರ ತಳ್ಳುವುದೂ ಉಂಟು. ಆಗ ಮೊದಲ ಮರಿಯ ಮೈಮೇಲಿನ ಲೋಳೆಯನ್ನು ಎರಡನೆಯದಕ್ಕೆ ಸವರಿ ತಾಯಿಯ ಮೂಗಿನ ಮುಂದೆ ಇಡುತ್ತೇನೆ. ಹೊಕ್ಕುಳಕ್ಕೆ ಅಯೋಡಿನ್ ಹಚ್ಚಿ, ಬಾಯೊಳಗೆ ಕಿರುಬೆರಳು ಇಟ್ಟು ನೋಡುತ್ತೇನೆ. ಬಾಯಿ ಬೆಚ್ಚಗಿದ್ದು, ನಾಲಿಗೆ ಬೆರಳನ್ನು ಸುತ್ತಿ ಎಳೆದರೆ ನನ್ನ ಜೀವಕ್ಕೂ ಸಮಾಧಾನ. ತಣ್ಣಗಿದ್ದರೆ ಮೊದಲು ಗೋಣಿತಟ್ಟಿನಿಂದ ತಿಕ್ಕಿ ಒಣಗಿಸಿ, ಸೆರಗಿನೊಳಗೆ ಎದೆಗವಚಿ ಕೂರಬೇಕು, ಹಾಲು ಆಮೇಲೆ. ಗಿಣ್ಣದ ಹಾಲು ಮಾತ್ರ ಮೊದಲ ಕೆಲವು ತಾಸಿನೊಳಗೆ ಹೊಟ್ಟೆಗೆ ಹೋಗಲೇಬೇಕು. ಕುರಿಮರಿಗೆ ರೋಗ ತಡೆಯುವ ಶಕ್ತಿ ತಾಯಿಯ ಗರ್ಭದಲ್ಲಿ ಸಿಗುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಒಂಟಿ ಮರಿ 3 ಕಿಲೋ ತೂಗಿದರೆ ಅವಳಿಯಲ್ಲಿ ಚಿಕ್ಕದು ನನ್ನ ತಕ್ಕಡಿಯಲ್ಲಿ 2 ಕಿಲೋ ದಾಟುವುದು ಅಪರೂಪ. ಅದಕ್ಕೆ ಹೊತ್ತಿಗೆ 100 ಮಿಲಿಯಂತೆ, ರಾತ್ರಿಯೂ ಎದ್ದು ಬಾಟಲಿಯಲ್ಲಿ ಕುಡಿಸುತ್ತೇನೆ.

ಮೂರನೇ ವರ್ಷ ಚಂದ್ರಿ ಎಂಬ ಕುರಿಯನ್ನು ನನ್ನ ತಿಳಿಗೇಡಿತನದಿಂದ ಕಳೆದುಕೊಂಡೆ. ಗಬ್ಬದ ಕೊನೆಯ ವಾರಗಳು. ಎಲ್ಲ ಕುರಿಗಳಿಗೂ ಹಾಕುವಷ್ಟೇ ಅದಕ್ಕೂ ಹಾಕುತ್ತಿದ್ದೆ. ಒಂದು ಸಂಜೆ ಮೇವಿಗೆ ಬರಲಿಲ್ಲ, ಗೋಡೆಗೆ ಹಣೆ ಆನಿಸಿ ನಿಂತಿತ್ತು. ಹತ್ತಿರ ಹೋದರೆ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಅಜೀರ್ಣ ಇರಬೇಕೆಂದು ಅಜಿವಾನದ ನೀರು ಕುಡಿಸಿ ಮಲಗಿದೆ. ಮರುದಿನ ಡಾಕ್ಟರು ಬರುವಷ್ಟರಲ್ಲಿ ನೆಲ ಹಿಡಿದಿತ್ತು, ಹೊಟ್ಟೆಯೊಳಗಿನ ಎರಡು ಮರಿಗಳೊಂದಿಗೆ ಹೋಯಿತು. ಕುರಿಯ ಗಬ್ಬ ಹೆಚ್ಚುಕಡಿಮೆ 150 ದಿನ. ಮರಿ ಬಹುಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಎರಡು ಮರಿ ಜಾಗ ತುಂಬಿದಂತೆ ತಾಯಿಯ ಹೊಟ್ಟೆಯಲ್ಲಿ ಮೇವಿಗೆ ಜಾಗ ಸಾಲದು. ಆಗ ಮೈಯ ಕೊಬ್ಬು ಕರಗುತ್ತದೆ, ಆ ಕರಗಿದ ಕೊಬ್ಬೇ ವಿಷವಾಗುತ್ತದೆ. ಆ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಈಗ ಕೊನೆಯ ಆರು ವಾರ ಗಬ್ಬದ ಕುರಿಗಳನ್ನು ಬೇರೆ ಕಟ್ಟಿ, ಒಣಮೇವು ಕಡಿಮೆ ಮಾಡಿ, ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಸ್ವಲ್ಪಸ್ವಲ್ಪವೇ ಏರಿಸುತ್ತ ಎರಡು ಹೊತ್ತು ಕೊಡುತ್ತೇನೆ. ಯಾವುದಾದರೂ ಹಿಂಡು ಬಿಟ್ಟು ಒಂಟಿಯಾಗಿ ನಿಂತರೆ ಅದೇ ಗಳಿಗೆಗೆ ಡಾಕ್ಟರಿಗೆ ಫೋನ್.

ಪಿಪಿಆರ್ ಎಂಬ ಕುರಿ-ಮೇಕೆಗಳ ಅಂಟುರೋಗದ ಲಸಿಕೆ, ಕರುಳುಬೇನೆಯ ಲಸಿಕೆ, ಜಂತಿನ ಔಷಧ ಎಲ್ಲ ಕುರಿಗಳಿಗೂ ಒಂದೇ, ಅದನ್ನು ನಿಮ್ಮೂರಿನ ಪಶು ಆಸ್ಪತ್ರೆಯಲ್ಲೇ ಹೇಳುತ್ತಾರೆ.

ಇಪ್ಪತ್ತು ಹೆಣ್ಣುಕುರಿ ಒಮ್ಮೆಗೇ ತರಬೇಡಿ. ಪರೀಕ್ಷೆ ಮಾಡಿದ, ಆ ಜೀನ್ ಎರಡೂ ಕಡೆಯಿಂದ ಬಂದಿರುವ ಒಂದು ಟಗರು ತಂದು ನಿಮ್ಮ ಕುರಿಗಳೊಂದಿಗೆ ಬಿಡಿ. ಅದಕ್ಕೆ ಹುಟ್ಟುವ ಹೆಣ್ಣುಮರಿಗಳೆಲ್ಲ ಈ ಗುಣ ಹೊತ್ತೇ ಹುಟ್ಟುತ್ತವೆ. ಅವು ಬೆಳೆದು ಈಯುವಷ್ಟರಲ್ಲಿ ಎರಡು ವರ್ಷ ಹಿಡಿಯುತ್ತದೆ, ಮೇವು ಬೆಳೆಸಲು, ಕೈ ಪಳಗಲು ಆ ಹೊತ್ತು ಬೇಕೇಬೇಕು. ಹೆಣ್ಣುಮರಿಗಳು ಬೆದೆಗೆ ಬರುವ ಮೊದಲು ಟಗರು ಬದಲಿಸಿ, ತಂದೆಗೇ ಮಗಳನ್ನು ಬಿಡಬಾರದು. ನನ್ನ 34 ಹೆಣ್ಣುಕುರಿಗಳಲ್ಲಿ ಅವಳಿಯವು 11 ಮಾತ್ರ. ಅದಕ್ಕಿಂತ ಹೆಚ್ಚಾದರೆ ರಾತ್ರಿ ಎದ್ದು ನೋಡಲು ನನ್ನಿಂದಾಗದು.

ಕಾರ್ತಿಕ ಕಳೆದ ಮೇಲೆ ಅವುಗಳಲ್ಲಿ ಆರು ಈಯುವುದಿವೆ. ಕುರಿ ತರಬೇಕೆನ್ನುವವರು ಮೊದಲು ಆಗ ಬಂದು ಎರಡು ರಾತ್ರಿ ಹಟ್ಟಿಯಲ್ಲಿ ನನ್ನ ಜೊತೆ ಇರಿ. ಹೊದೆಯಲು ಕಂಬಳಿ ಇದೆ, ನಮ್ಮ ದಖನಿಯ ಉಣ್ಣೆಯದೇ.