ಒಂದೇ ರೀಲ್, ಎರಡು ಮಷಿನ್, ಎರಡು ತರದ ಗಟ್ಟಿತನ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳ ಹೊಲಿಗೆ ಮಷಿನ್ನಿಗೆ ಬಟ್ಟೆ ಮಡಚುವ ಹೊಸ ಫೋಲ್ಡರ್, ಗೈಡ್ ಬೇಕಾದಾಗ ತಗಡಿನಲ್ಲಿ ಮಾಡಿಸುವ ಮುಂಚೆ ಪಿಇಟಿಜಿ ಅನ್ನೋ ಪ್ಲಾಸ್ಟಿಕ್ಕಿನಲ್ಲಿ, 3ಡಿ ಪ್ರಿಂಟರಿನಿಂದ ಒಂದು ಪ್ರಿಂಟ್ ತೆಗೆದು ನೋಡುವುದು ಅಗ್ಗ. ಬರೀ ಅಳತೆ ಕೂರುತ್ತದಾ ಅಂತ ನೋಡಲು ಯಾವ ಪ್ರಿಂಟರ್ ಆದರೂ ನಡೆಯುತ್ತದೆ. ಅದನ್ನೇ ಹೊಲಿಗೆ ಮಷಿನ್ನಿಗೆ ಕಟ್ಟಿ ದಪ್ಪ ಡೆನಿಮ್ ಎಳೆಸಿದಾಗ ತಕರಾರು ಶುರು. ಒಂದು ಪ್ರಿಂಟರಿನ ತುಂಡು ತಡೆಯುತ್ತದೆ, ಪಕ್ಕದ ಪ್ರಿಂಟರಿನದು ಸ್ಕ್ರೂ ಕಿವಿಯ ಹತ್ತಿರ ಪಟ್ಟನೆ ಮುರಿಯುತ್ತದೆ. ಪ್ಲಾಸ್ಟಿಕ್ ಎಳೆಯ ರೀಲ್ ಅದೇ, ಫೈಲ್ ಅದೇ, ಕರಗಿಸುವ 240 ಡಿಗ್ರಿಯೂ ಅದೇ.

ರೀಲ್ ಮಾರಿದವರನ್ನು ಬೈಯುವ ಮುಂಚೆ ಮುರಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ನಯವಾದ ಸಾಲುಗಳು ಮಿಂಚುತ್ತಿದ್ದರೆ ಪದರಕ್ಕೆ ಪದರ ಬೆಸೆದುಕೊಂಡಿಲ್ಲ. ಬೆಳ್ಳಗಾಗಿ, ಜಗ್ಗಿ, ಎಳೆ ಎಳೆಯಾಗಿ ಹರಿದಿದ್ದರೆ ಬೆಸುಗೆ ಸರಿಯಿದೆ, ಭಾರವೇ ಜಾಸ್ತಿಯಾಗಿದೆ. ಸಣ್ಣ ಗುಳ್ಳೆಗಳು ಕಂಡರೆ ರೀಲಿಗೆ ತೇವ ಹಿಡಿದಿದೆ. 65 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ.

ನಯವಾದ ಸಾಲು ಕಂಡವರು ಮೊದಲು ಅನುಮಾನಿಸಬೇಕಾದ್ದು ಬಿಸಿಯನ್ನು. ಪರದೆಯ ಮೇಲಿನ 240 ಅನ್ನೋದು ಥರ್ಮಿಸ್ಟರ್ (ಬಿಸಿ ಅಳೆಯುವ ಸೆನ್ಸರ್) ಹೇಳುವ ಮಾತು, ಪ್ಲಾಸ್ಟಿಕ್ಕಿನ ಬಿಸಿಯಲ್ಲ. ಥರ್ಮಿಸ್ಟರ್ ಬಿಸಿಯಾಗುವ ಲೋಹದ ಬ್ಲಾಕಿನಲ್ಲಿ ಸಡಿಲ ಕೂತಿದ್ದರೆ, ಅಥವಾ ಬದಲಿಸುವಾಗ ಬೇರೆ ಜಾತಿಯದು ಹಾಕಿ ಫರ್ಮ್‌ವೇರಿನಲ್ಲಿ (ಪ್ರಿಂಟರಿನ ಒಳಗಿನ ಸಾಫ್ಟ್‌ವೇರ್) ಅದರ ಟೇಬಲ್ ಬದಲಿಸದಿದ್ದರೆ, ಹತ್ತು ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಪ್ಲಾಸ್ಟಿಕ್ ಕರಗಿಸುವ ತಲೆ, ಅಂದರೆ ಹಾಟೆಂಡ್ ಖಾಲಿ ಮಾಡಿ, ಮೇಲಿಂದ ತೆಳ್ಳನೆಯ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಳಿಸಿ ಎರಡೂ ಪ್ರಿಂಟರಿನಲ್ಲಿ ನೋಡಿ. ಪ್ಲಾಸ್ಟಿಕ್ ಹೊರಬರುವ ಹಿತ್ತಾಳೆ ನಾಜಲ್ ತೆಗೆದು ಉಕ್ಕಿನದು ಹಾಕಿದ ಮಷಿನ್ ಇದ್ದರೆ, ಉಕ್ಕು ಬಿಸಿಯನ್ನು ನಿಧಾನ ಸಾಗಿಸುತ್ತದೆ; ಅಲ್ಲಿ 5ರಿಂದ 10 ಡಿಗ್ರಿ ಏರಿಸಬೇಕು.

ಬಿಸಿ ಸರಿಯಿದ್ದರೂ ವೇಗ ಕೆಡಿಸಬಹುದು. ಗೆರೆ ಅಗಲ 0.45 ಮಿ.ಮೀ., ಪದರ 0.2 ಮಿ.ಮೀ., ವೇಗ ಸೆಕೆಂಡಿಗೆ 60 ಮಿ.ಮೀ. ಇದ್ದರೆ ಸೆಕೆಂಡಿಗೆ 5.4 ಘನ ಮಿ.ಮೀ. ಪ್ಲಾಸ್ಟಿಕ್ ಕರಗಬೇಕು. ಹೊಸ ವೇಗದ ಮಷಿನ್ನಿನಲ್ಲಿ 150 ಇಟ್ಟರೆ ಅದು 13.5. ಸಾಮಾನ್ಯ ಹಾಟೆಂಡ್‌ಗೆ ಅದು ಅಂಚಿನ ಲೆಕ್ಕ: ಹೊರಗೆ ಬರುತ್ತದೆ, ನೋಡಲು ಚೆಂದವೂ ಇರುತ್ತದೆ, ಒಳಗೆ ಮಾತ್ರ ಅರೆಬೆಂದ ಅನ್ನ.

ಗಾಳಿ ಜಾಸ್ತಿಯಾದರೂ ಪದರ ಬೆಸೆಯುವ ಮುಂಚೆ ತಣಿಯುತ್ತದೆ. ಪದರ ತಣಿಸುವ ಫ್ಯಾನ್ ಶೇ. 40 ಅಂದರೂ ಎರಡು ಮಷಿನ್ನಿನಲ್ಲಿ ಒಂದೇ ಗಾಳಿಯಲ್ಲ. ದೊಡ್ಡ ಬ್ಲೋವರ್ (5015 ಅಳತೆ) ಮತ್ತು ಸಣ್ಣ ಫ್ಯಾನಿಗೆ (4010 ಅಳತೆ) ಅಜಗಜಾಂತರ. ಇನ್ನೊಂದು ಫ್ಯಾನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ತಲೆಯ ಮೇಲಿನ ಸೀಲಿಂಗ್ ಫ್ಯಾನ್. ಬಳ್ಳಾರಿಯ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ತೆರೆದ ಮಷಿನ್ನನ್ನೇ ಅದರಡಿಯಿಂದ ಸರಿಸಿ. ಎಬಿಎಸ್ ಪ್ಲಾಸ್ಟಿಕ್ ಆದರೆ ಮುಚ್ಚಿದ ಮಷಿನ್ನೇ ಬೇಕು. ಪಿಎಲ್ಎ ಪ್ಲಾಸ್ಟಿಕ್ ಹಾಕುವಾಗ ಉಲ್ಟಾ: ಅದು 60 ಡಿಗ್ರಿ ಹತ್ತಿರ ಮೆತ್ತಗಾಗುವುದರಿಂದ, ಬೇಸಿಗೆಯಲ್ಲಿ ಬಾಗಿಲು ಮುಚ್ಚಿದರೆ ನಾಜಲಿಗಿಂತ ಮೇಲೆಯೇ ಉಬ್ಬಿ ಕಟ್ಟಿಕೊಳ್ಳುತ್ತದೆ.

ಎರಡು ಮಷಿನ್ ಹೋಲಿಸಲು ಲ್ಯಾಬ್ ಬೇಡ, ವೈಸ್ ಸಾಕು. 80 × 10 × 4 ಮಿ.ಮೀ. ಪಟ್ಟಿಯನ್ನು ಶೇ. 100 ತುಂಬಿಸಿ, ನಿಲ್ಲಿಸಿ ಪ್ರಿಂಟ್ ಮಾಡಿ, ಪದರಗಳು ಉದ್ದಕ್ಕೆ ಅಡ್ಡ ಬರುವ ಹಾಗೆ. ಒಂದನ್ನೇ ಹಾಕಬೇಡಿ. ಅದರ ಒಂದು ಪದರ ಬರೀ 8 ಘನ ಮಿ.ಮೀ., ಎರಡು ಸೆಕೆಂಡಿಗೆ ಮುಗಿಯುತ್ತದೆ. ಆಗ ಸ್ಲೈಸರ್ (ಫೈಲನ್ನು ಪದರಗಳಾಗಿ ಕತ್ತರಿಸುವ ಸಾಫ್ಟ್‌ವೇರ್) ತಾನೇ ವೇಗ ಇಳಿಸಿ ಫ್ಯಾನ್ ಏರಿಸಿ ಲೆಕ್ಕ ಕೆಡಿಸುತ್ತದೆ. ಐದು ಒಟ್ಟಿಗೆ ಹಾಕಿ, ಎರಡೂ ಪ್ರಿಂಟರಿನ ಬೆಡ್ಡಿನಲ್ಲಿ (ತುಂಡು ಕೂರುವ ತಟ್ಟೆ) ಅದೇ ಜಾಗದಲ್ಲಿ. (ಗಿರಾಕಿಗೆ ಕೊಡುವ ತುಂಡಿಗೂ ಇದೇ ಮಾತು: ಒಂದೊಂದಾಗಿ ತೆಗೆದದ್ದು, ಹತ್ತು ಒಟ್ಟಿಗೆ ತೆಗೆದದ್ದು ಒಂದೇ ಗಟ್ಟಿ ಇರುವುದಿಲ್ಲ.)

ವೈಸಿನ ದವಡೆಗೆ ರಟ್ಟು ಕೊಟ್ಟು ಪಟ್ಟಿಯನ್ನು ಅಡ್ಡ ಕಚ್ಚಿಸಿ, 10 ಮಿ.ಮೀ. ಮುಖ ಮೇಲಿರಲಿ. ದವಡೆಯಿಂದ 50 ಮಿ.ಮೀ. ದೂರಕ್ಕೆ ತಂತಿ ಕಟ್ಟಿ ಖಾಲಿ ಡಬ್ಬ ತೂಗುಹಾಕಿ, ನಿಧಾನವಾಗಿ ನೀರು ಸುರಿಯುತ್ತಾ ಹೋಗಿ. ಮುರಿದಾಗ ಡಬ್ಬ, ನೀರು, ತಂತಿ ಎಲ್ಲ ಸೇರಿಸಿ ತೂಗಿ. ಪ್ರತಿ ಕಿಲೋಗೆ ಸುಮಾರು 18.4 ಮೆಗಾಪಾಸ್ಕಲ್ ಬಾಗುವ ಒತ್ತಡ. ಐದರ ಸರಾಸರಿಗಿಂತ ಐದರಲ್ಲಿ ಅತಿ ಕಡಿಮೆ ಬಂದದ್ದನ್ನು ನಂಬುವುದು ಒಳ್ಳೆಯದು. ಕಂಪನಿಯ ಡೇಟಾಶೀಟಿನ ಸಂಖ್ಯೆಯನ್ನು ಇದರ ಪಕ್ಕ ಇಡಬೇಡಿ. ಎಷ್ಟೋ ಸಲ ಅದು ಅಚ್ಚಿಗೆ ಹೊಯ್ದ ತುಂಡಿನದು, ಪದರಗಳೇ ಇಲ್ಲದ್ದು.

ಪರೀಕ್ಷೆಗೆ ಮುಂಚೆ ಎರಡೂ ಮಷಿನ್ ಅಷ್ಟೇ ಪ್ಲಾಸ್ಟಿಕ್ ನೂಕುತ್ತವಾ ನೋಡಿ. ಫಿಲಮೆಂಟಿಗೆ, ಅಂದರೆ ರೀಲಿನ ಎಳೆಗೆ, ಅದು ಒಳಹೋಗುವ ಜಾಗದಿಂದ 120 ಮಿ.ಮೀ.ಗೆ ಗುರುತು ಹಾಕಿ 100 ನೂಕಿಸಿ. 23 ಉಳಿದರೆ ಹೋದದ್ದು 97. ಸ್ಟೆಪ್ಸ್ (ಒಂದು ಮಿ.ಮೀ. ನೂಕಲು ಮೋಟರ್ ಹಾಕುವ ಹೆಜ್ಜೆ) 93 ಇದ್ದದ್ದನ್ನು 95.9 ಮಾಡಿ. ಫಿಲಮೆಂಟಿನ ದಪ್ಪ 1.75 ಮಿ.ಮೀ. ಬದಲು 1.70 ಬಂದರೆ ಅಷ್ಟರಲ್ಲೇ ಶೇ. 5.6 ಪ್ಲಾಸ್ಟಿಕ್ ಕಮ್ಮಿ, ಅದಕ್ಕೇ ಕ್ಯಾಲಿಪರ್ ಕೈಯಲ್ಲೇ ಇರಲಿ.

ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟ್ ನಿಂತಲ್ಲಿಂದ ಮುಂದುವರಿದರೆ ಆ ಒಂದು ಪದರ ತಣ್ಣಗಾದ ಪ್ಲಾಸ್ಟಿಕ್ಕಿನ ಮೇಲೆ ಕೂತಿರುತ್ತದೆ. ಅಂಥ ತುಂಡನ್ನು ಅಳತೆ ನೋಡಲಷ್ಟೇ ಕೊಡಿ, ಗೆರೆ ಬಿದ್ದ ಜಾಗಕ್ಕೆ ಮಾರ್ಕರಿನಿಂದ ಗೀಟು ಹಾಕಿ, ಮಷಿನ್ ನಂಬರನ್ನೂ ಬರೆದು.