ಹೊಸ ಟಿವಿ, ಮಸುಕು ಚಿತ್ರ

55 ಇಂಚಿನ 4ಕೆ ಟಿವಿ ತಂದ ದಿನವೇ ಅಮ್ಮ, "ಹಳೇದೇ ಚೆನ್ನಾಗಿತ್ತಲ್ಲೋ" ಅಂದರು. ನಿಜ, ಧಾರಾವಾಹಿಯ ಮುಖಗಳೆಲ್ಲ ಮೇಣ ಮೆತ್ತಿದ ಹಾಗಿದ್ದವು. ವಾಪಸ್ ಕೊಡೋಣ ಅಂತಲೇ ಇದ್ದೆ, ಸುಮ್ನೆ ಹಿಂದೆ ಬಗ್ಗಿ ನೋಡಿದರೆ ಸೆಟ್‌ಟಾಪ್ ಬಾಕ್ಸ್‌ಗೆ ಇನ್ನೂ ಆ ಕೆಂಪು-ಬಿಳಿ-ಹಳದಿ ವೈರೇ ಇದೆ! ಬಾಕ್ಸ್ ಎಚ್‌ಡಿಯದೇ, ಆದರೆ ಆ ವೈರ್‌ನಲ್ಲಿ ಎಚ್‌ಡಿ ಚಿತ್ರ ಬರುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ (ಚಿತ್ರದ ಗೆರೆಗಳ ಲೆಕ್ಕ) 576 ಇದ್ದದ್ದನ್ನು 1080 ಮಾಡಿದೆ. ಇದ್ದ ಎರಡು ಎಚ್‌ಡಿ ಚಾನೆಲ್ ಫಳಫಳ ಅಂದವು. ಅಮ್ಮನ ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಮಾಮೂಲಿ ಚಾನೆಲ್ ಮಾತ್ರ ಅಷ್ಟಕ್ಕಷ್ಟೇ. ಅದರಲ್ಲಿ ಬರುವುದೇ 720×576 ಚುಕ್ಕಿ, ಪರದೆಯಲ್ಲಿರುವುದು 3840×2160, ಅಂದರೆ ಒಂದು ಚುಕ್ಕಿಯನ್ನು 20 ಮಾಡಿ ಎಳೆದು ತುಂಬಬೇಕು, ಪಾಪ ಟಿವಿ ತಾನೇ ಏನು ಮಾಡುತ್ತದೆ? ಕಣ್ಣು ಕುಕ್ಕುತ್ತಿದ್ದ ವಿವಿಡ್ ಮೋಡ್ ತೆಗೆದು ಶಾರ್ಪ್‌ನೆಸ್ ಇಳಿಸಿದ ಮೇಲೆ ಸ್ವಲ್ಪ ವಾಸಿ. ಈಗ ಅಮ್ಮ ಎಚ್‌ಡಿ ಪ್ಯಾಕ್ ಹಾಕಿಸು ಅಂತ ಹಿಂದೆ ಬಿದ್ದಿದ್ದಾರೆ.